ತೋಳಿನ ಮೇಲಿನ ಎರಡು ಗುರುತು

ಖಾನಾಪುರದಲ್ಲಿರುವ ನಮ್ಮ ಅವ್ವನ ತೋಳಿನ ಮೇಲೆ ಎರಡು ಗುರುತುಗಳಿವೆ. ಒಂದು, ಬಾಲ್ಯದಲ್ಲಿ ದೇವಿ ಹಾಕಿಸಿದ ಕಲೆ. ಇನ್ನೊಂದು, ಹೋದ ತಿಂಗಳಿನಿಂದ ಅಂಟಿಸುತ್ತಿರುವ ಗುಂಡು ಬಿಲ್ಲೆ. ಅದರ ಕೂದಲೆಳೆಯಂಥ ತಂತು ಚರ್ಮದಡಿಯ ನೀರಿನಲ್ಲಿ ನಿಂತು, ಸಕ್ಕರೆ ಎಷ್ಟಿದೆಯೆಂದು 14 ದಿನ ಹೇಳುತ್ತಿರುತ್ತದೆ. ರಾತ್ರಿ ಸಕ್ಕರೆ ಇಳಿದು ಎರಡು ಸಲ ಆಕೆ ಎಚ್ಚರ ತಪ್ಪಿದ್ದಳು. “ಆಗ ಒಳಗ ಹಾಕಿದ್ರು, ಈಗ ಒಳಗಿಂದು ಕೇಳಾಕತ್ತಾರ” ಎಂದು ನಕ್ಕಳು.

ಕನ್ನಡ ಪಾಠ ಹೇಳುವವನಿಗೆ ವಸ್ತುವಿಗಿಂತ ಮೊದಲು ಶಬ್ದ ಕಾಣುತ್ತದೆ. ಲಸಿಕೆಯೆಂದರೆ ನಮಗಿಂದು ಚುಚ್ಚುಮದ್ದು. ಚರಕಸಂಹಿತೆಯಲ್ಲಾದರೋ ‘ಲಸೀಕಾ’ ಎಂಬುದು ಚರ್ಮದೊಳಗಿದ್ದು ವ್ರಣದಲ್ಲಿ ಜಿನುಗುವ ನೀರು. ಸಿಡುಬಿನ ಲಸಿಕೆ ಮೊದಲಿಗೆ ನಿಜವಾಗಿ ಅಂಥ ನೀರೇ ಆಗಿತ್ತು.

1802ರ ಜೂನಿನಲ್ಲಿ ಮುಂಬಯಿಯ ಆನಾ ಡಸ್ಟಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ ಲಸಿಕೆ ಹಿಡಿಯಿತು. ಆಕೆಯ ಗುಳ್ಳೆಯ ನೀರನ್ನು ಬೇರೆ ಮಕ್ಕಳಿಗೆ, ಅವರದನ್ನು ಮತ್ತೆ ಬೇರೆಯವರಿಗೆ, ಹೀಗೆ ತೋಳಿನಿಂದ ತೋಳಿಗೆ ಅದು ದೇಶ ಸುತ್ತಿತು. ಶೀತಪೆಟ್ಟಿಗೆಯಿಲ್ಲದ ಆ ಕಾಲದಲ್ಲಿ ಮಗುವಿನ ಮೈಯೇ ಸೀಸೆ! ಗುಳ್ಳೆ ಬಿಡಿಸಲು ಬಂದವರಿಗೆ ಮಗುವನ್ನು ಕೊಡಲು ತಾಯಂದಿರು ಒಲ್ಲೆನೆಂದರು. ಯಾವ ಜಾತಿಯ ನೀರು ಯಾರ ಮೈಗೆ ಎಂಬ ತಕರಾರೂ ಎದ್ದಿತು. ಇದನ್ನೆಲ್ಲ ಮೂಢತನವೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದುಂಟು. ಜಾತಿಯ ಮಾತನ್ನು ನಾನು ಸಮರ್ಥಿಸಲಾರೆ. ಆದರೆ ಕೂಸನ್ನು ಅಪ್ಪಿಕೊಂಡು ಒಳಗೆ ಹೋದ ತಾಯಿಯನ್ನು ಮೂಢಳೆನ್ನಲಾರೆ. ಒಂದು ಮೈಯ ರೋಗ ಇನ್ನೊಂದಕ್ಕೆ ದಾಟುವ ಭಯ ಸುಳ್ಳಾಗಿರಲಿಲ್ಲ.

ಮುಂದೆ ಈ ಭಾರ ಕರುವಿನ ಮೇಲೆ ಬಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ವ್ಯಾಕ್ಸಿನ್ ಡಿಪೋ ಬಯಲನ್ನು ವಾಚಕರು ಬಲ್ಲರು. ಮುಂಬಯಿ ಪ್ರಾಂತಕ್ಕೆ ಸಿಡುಬಿನ ಲಸಿಕೆ ಒದಗಿಸುತ್ತಿದ್ದ ಸಂಸ್ಥೆಯ ಹೆಸರು ಅದಕ್ಕಂಟಿದೆ. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಗೀರಿ, ಬೀಜ ಹಚ್ಚಿ, ಐದಾರು ದಿನಕ್ಕೆ ಎದ್ದ ಗುಳ್ಳೆಗಳನ್ನು ಕೆರೆದು ಗ್ಲಿಸರಿನ್ನಿನಲ್ಲಿ ಅರೆಯುವುದು ಇಂಥ ಸಂಸ್ಥೆಗಳ ರೂಢಿ. ಆ ಬಯಲಿನಲ್ಲಿ ಎಷ್ಟೋ ವರ್ಷ ಅಡ್ಡಾಡಿದೆ. ಹೆಸರಿನ ಅರ್ಥ ಕೇಳಲಿಲ್ಲ.

1960ರ ದಶಕದಲ್ಲಿ ಬೆಂಜಮಿನ್ ರೂಬಿನ್ ರೂಪಿಸಿದ ಕವಲು ಸೂಜಿ ಬಂದಿತು. ಅದರ ಎರಡು ಮೊನೆಗಳ ಸಂದಿಯಲ್ಲಿ ಲಸಿಕೆಯ ಒಂದು ಸಣ್ಣ ಹನಿ ತಾನಾಗಿ ನಿಲ್ಲುತ್ತಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಅಳಿಯಿತೆಂದು ಸಾರಲಾಯಿತು. ಕಿರುಸಂದಿಯಲ್ಲಿ ದ್ರವ ತಾನಾಗಿ ಏರುವ ಅದೇ ಗುಣದಿಂದ, ತೀರ ಸಣ್ಣ ಕಾಲುವೆಗಳಲ್ಲಿ ಬೆವರನ್ನೂ ಚರ್ಮದ ನೀರನ್ನೂ ಎಳೆದು ಪರೀಕ್ಷಿಸುವ ಪಟ್ಟಿಗಳನ್ನು ಇಂದಿನ ವಿಜ್ಞಾನಿಗಳು ಮಾಡುತ್ತಿದ್ದಾರೆ.

ಮೊನ್ನೆ ನಡುರಾತ್ರಿ ಬೆಳಗಾವಿಯಲ್ಲಿ ನನ್ನ ಮೊಬೈಲು ಕೂಗಿಕೊಂಡಿತು. ಖಾನಾಪುರಕ್ಕೆ ಫೋನು ಮಾಡಿದೆ. ಅವ್ವ ಎದ್ದು ಬೆಲ್ಲ ತಿಂದಳು.