ವಿರುದ್ಧರಾಜ್ಯಾತಿಕ್ರಮ: ಪರವಾನಗಿಯ ಕಡಲು ಮತ್ತು ಕನ್ನಡ ಕರಾವಳಿಯ ವರ್ತಕ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ವ್ರತಗಳನ್ನೂ ಅವುಗಳ ಅತಿಚಾರಗಳನ್ನೂ ನಿರೂಪಿಸುತ್ತದೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳ್ಳನನ್ನು ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ಅಳತೆ ತೂಕಗಳಲ್ಲಿ ವಂಚಿಸುವುದು, ಕಲಬೆರಕೆ ಮಾಡುವುದು ಇವುಗಳ ಜೊತೆಗೆ ‘ವಿರುದ್ಧರಾಜ್ಯಾತಿಕ್ರಮ’ ಎಂಬುದೊಂದಿದೆ. ರಾಜ್ಯವ್ಯವಸ್ಥೆ ಕದಡಿದ ಕಾಲದಲ್ಲಿ ನ್ಯಾಯಮಾರ್ಗವನ್ನು ಬಿಟ್ಟು, ಬೆಲೆಬಾಳುವ ವಸ್ತುಗಳನ್ನು ಅಗ್ಗಕ್ಕೆ ಪಡೆಯಲೆಳಸುವುದು ಈ ದೋಷವೆಂಬುದು ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯ ಸಾರ. ಪರಸ್ಪರ ವಿರೋಧಿಗಳಾದ ಅರಸರ ನಿಷೇಧವನ್ನು ಮೀರಿ ವ್ಯಾಪಾರಕ್ಕೆ ಹೋಗುವುದೆಂಬ ಅರ್ಥವೂ ಉಂಟು. ಯುದ್ಧಕಾಲದ ವಾಣಿಜ್ಯವನ್ನು ಗೃಹಸ್ಥನ ನೀತಿಯ ಪ್ರಶ್ನೆಯಾಗಿ ನಮ್ಮ ಆಚಾರ್ಯರು ಇಷ್ಟು ಹಿಂದೆಯೇ ಎತ್ತಿದ್ದರೆಂಬುದು ಗಮನಾರ್ಹ.

ಈ ಸೂತ್ರದ ಹಿನ್ನೆಲೆಯಲ್ಲಿ ಅರಸನೊಬ್ಬನಿದ್ದಾನೆ, ಅವನಿಗೊಂದು ಗಡಿಯಿದೆ. ನೆಲದ ಮೇಲೆ ಇದು ಸ್ಪಷ್ಟ. ಕಡಲಿನಲ್ಲಿ ಗಡಿ ಯಾವುದು? ಅಲ್ಲಿ ಅಪ್ಪಣೆ ಕೊಡುವ ಅಧಿಕಾರ ಯಾರದು? ಹದಿನಾರನೆಯ ಶತಮಾನದ ಕನ್ನಡ ಕರಾವಳಿಗೆ ಈ ಪ್ರಶ್ನೆ ತರ್ಕದ ವಿನೋದವಾಗಿರಲಿಲ್ಲ, ಜೀವನೋಪಾಯದ ಪ್ರಶ್ನೆಯಾಗಿತ್ತು.

ಪೋರ್ಚುಗೀಸರು ಬರುವ ಮುನ್ನ ಅರಬ್ಬೀ ಸಮುದ್ರವು ನಿರಪಾಯವಾಗಿತ್ತೆಂದು ಹೇಳಲಾಗದು. ಹೊನ್ನಾವರದ ತಿಮ್ಮಯ್ಯನನ್ನು ಪೋರ್ಚುಗೀಸ್ ಬರೆಹಗಾರರು ತಿಮೋಜನೆಂದು ಕರೆದು, ಒಮ್ಮೆ ಕಡಲುಗಳ್ಳನೆಂದೂ ಮತ್ತೊಮ್ಮೆ ನೌಕಾನಾಯಕನೆಂದೂ ಚಿತ್ರಿಸಿದ್ದಾರೆ. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಗೆಲ್ಲಲು ನೆರವಾದವನೂ ಅವನೇ. ಸುಲಿಗೆ ಇತ್ತು, ಸುಂಕವೂ ಇತ್ತು. ಆದರೆ ಇಡೀ ಕಡಲಿಗೆ ಒಡೆಯನೆಂದು ಹೇಳಿಕೊಳ್ಳುವವನಿರಲಿಲ್ಲ. ವಾಸ್ಕೊ ಡ ಗಾಮನು ಮರಳಿದ ಮೇಲೆ ದೊರೆ ಮನುವೆಲನು ಇಥಿಯೋಪಿಯ, ಅರೇಬಿಯ, ಪರ್ಷಿಯ ಮತ್ತು ಇಂಡಿಯಾಗಳ ದಿಗ್ವಿಜಯ, ನೌಕಾಯಾನ, ವಾಣಿಜ್ಯಗಳ ಒಡೆಯನೆಂಬ ಬಿರುದನ್ನು ಧರಿಸಿದನು. ನೌಕಾಯಾನಕ್ಕೇ ಒಡೆಯನಾಗುವುದು ಈ ಕಡಲಿಗೆ ಹೊಸ ಕಲ್ಪನೆ. ಕಡಲು ಎಲ್ಲರಿಗೂ ಸಮಾನವಾದರೂ ಆ ಸಮಾನತೆ ಕ್ರೈಸ್ತರ ನಡುವೆ ಮಾತ್ರ ಸಲ್ಲುತ್ತದೆಂದು ಇತಿಹಾಸಕಾರ ಜೊವಾಂವ್ ದ ಬಾರೋಸನು ಇದನ್ನು ಸಮರ್ಥಿಸಿದನು.

ಈ ಬಿರುದನ್ನು ಕಾರ್ಯರೂಪಕ್ಕೆ ತಂದ ಸಾಧನ ‘ಕರ್ತಾಜ್’ ಎಂಬ ಪರವಾನಗಿ. ಕಾಗದವೆಂಬ ಅರ್ಥದ ಅರಬ್ಬಿಯ ‘ಕಿರ್ತಾಸ್’ ಈ ಶಬ್ದದ ಮೂಲ. ಹಡಗಿನ ಗಾತ್ರ, ನಾಯಕನ ಹೆಸರು, ಇರುವ ಆಯುಧಗಳು, ಹೊರಡುವ ಮತ್ತು ತಲುಪುವ ಬಂದರುಗಳು ಅದರಲ್ಲಿ ನಮೂದಾಗುತ್ತಿದ್ದವು. ಮೆಣಸು ಮೊದಲಾದ ಸಂಬಾರ ಪದಾರ್ಥಗಳನ್ನೂ ಯುದ್ಧೋಪಯೋಗಿ ವಸ್ತುಗಳನ್ನೂ ತುರುಕರನ್ನೂ ಒಯ್ಯಕೂಡದೆಂಬ ನಿಬಂಧನೆಯಿತ್ತು. ಕಾಗದಕ್ಕೆ ತೆರಬೇಕಾದ ಹಣ ಅಲ್ಪ. ಪೋರ್ಚುಗೀಸ್ ಬಂದರಿಗೆ ಬಂದು ಸುಂಕ ಕಟ್ಟಬೇಕೆಂಬುದೇ ಅದರ ನಿಜವಾದ ಬೆಲೆ. ಕಾಗದವಿಲ್ಲದ ಹಡಗು ಸಿಕ್ಕರೆ ಮಾಲು ಮುಟ್ಟುಗೋಲು, ಜನರು ಸೆರೆ.

ದಿಗ್ಬಂಧನವೆಂದರೆ ಇಡೀ ಕರಾವಳಿಯುದ್ದಕ್ಕೂ ಹಡಗುಗಳ ಗೋಡೆ ಕಟ್ಟುವುದಲ್ಲ. ನಮ್ಮ ಕರಾವಳಿಯ ಭೂಸ್ವರೂಪವೂ ಋತುಚಕ್ರವೂ ಅದನ್ನು ಸುಲಭಗೊಳಿಸಿದ್ದವು. ಮುಂಗಾರಿನ ತಿಂಗಳುಗಳಲ್ಲಿ ಕಡಲು ತಾನಾಗಿಯೇ ಮುಚ್ಚಿರುತ್ತದೆ. ಮಳೆ ಇಳಿದು ಅಳಿವೆಗಳು ತೆರೆಯುವ ಹೊತ್ತಿಗೆ ಕೆಲವೇ ಹಡಗುಗಳನ್ನು ಅಳಿವೆಯ ಬಾಯಲ್ಲಿ ನಿಲ್ಲಿಸಿದರೆ ಒಳನಾಡೆಲ್ಲ ಉಸಿರುಗಟ್ಟುತ್ತದೆ. ಶರಾವತಿಯ ದಡದ ಗೇರುಸೊಪ್ಪೆ ಇದಕ್ಕೆ ಉತ್ತಮ ನಿದರ್ಶನ. ಘಟ್ಟದಿಂದಿಳಿದ ಮೆಣಸು ಗೇರುಸೊಪ್ಪೆಯಲ್ಲಿ ದೋಣಿಯೇರಿ ಹೊನ್ನಾವರದಲ್ಲಿ ಕಡಲು ಸೇರಬೇಕು. ಆ ಊರಿನ ಚತುರ್ಮುಖ ಬಸದಿಯ ಮುಂದೆ ನಿಂತವರು ಅದರ ಹಿಂದಿನ ಧರ್ಮಶ್ರದ್ಧೆಯೊಡನೆ ಈ ಜಲಮಾರ್ಗವನ್ನೂ ನೆನೆಯಬೇಕು.

ಅಕ್ಕಿಯ ಕಥೆ ಇದಕ್ಕಿಂತ ತೀವ್ರವಾದುದು. ಮೆಣಸು ಲಾಭದ ವಸ್ತು, ಅಕ್ಕಿ ಪ್ರಾಣದ ವಸ್ತು. ಬಸರೂರು, ಮಂಗಳೂರು, ಭಟ್ಕಳಗಳಿಂದ ಹೊರಟ ಅಕ್ಕಿಯು ಗೋವೆಯನ್ನೂ ಮಲಬಾರನ್ನೂ ಹೊರ್ಮುಜನ್ನೂ ಉಣಿಸುತ್ತಿತ್ತು. ಆದ್ದರಿಂದ ಕನ್ನಡ ಬಂದರುಗಳ ಮೇಲಿನ ಹಿಡಿತವು ಎರಡು ಅಲಗಿನ ಕತ್ತಿಯಾಯಿತು: ಶತ್ರುವಾದ ಕಲ್ಲಿಕೋಟೆಯ ಸಾಮೂದಿರಿಗೆ ಅಕ್ಕಿ ತಲುಪದಂತೆ ತಡೆಯಬಹುದು, ತಮ್ಮ ಗೋವೆಗೆ ತಪ್ಪದಂತೆ ತರಿಸಬಹುದು. 1502ರಲ್ಲಿ ಗಾಮನು ಭಟ್ಕಳವನ್ನು ಬೆದರಿಸಿ ಪಡೆದ ಕಪ್ಪವೂ ಅಕ್ಕಿಯೇ. 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ದ ಸೋಜನು ಅದೇ ಭಟ್ಕಳವನ್ನು ಸುಟ್ಟನು. 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಎದ್ದಿತು. ಮರುವರ್ಷ ವೈಸರಾಯ್ ಲೂಯಿಸ್ ದ ಅತಾಯಿದನು ಹೊನ್ನಾವರವನ್ನು ಹಿಡಿದನು.

ಈ ಬಂದರುಗಳಿಗೂ ಗೋವೆಗೂ ನಡುವೆ ಸಾಗುವ ವ್ಯಾಪಾರಿ ಹಡಗುಗಳ ರಕ್ಷಣೆಗೆ ಪೋರ್ಚುಗೀಸರು ‘ಕಾಫಿಲಾ’ ವ್ಯವಸ್ಥೆಯನ್ನು ಬೆಳೆಸಿದರು. ಇದೂ ಅರಬ್ಬಿ ಮೂಲದ ಮಾತೇ. ಮರುಭೂಮಿಯ ಸಾರ್ಥವು ಕಡಲಿಗಿಳಿದಂತೆ. ಹಲವು ವ್ಯಾಪಾರಿ ಹಡಗುಗಳು ಒಟ್ಟಾಗಿ ನಡೆಯುವುವು, ಸುತ್ತ ಹುಟ್ಟುಹಾಕುವ ಲಘು ಯುದ್ಧನೌಕೆಗಳ ಕಾವಲಿರುವುದು. ಭಯ ಯಾರದು? ಮುಖ್ಯವಾಗಿ ಕುಂಜಾಲಿ ಮರಕ್ಕಾರರ ನೇತೃತ್ವದ ಮಲಬಾರಿನ ನಾವಿಕರದು. ಕಡಲುಗಳ್ಳರೆಂದು ಪೋರ್ಚುಗೀಸರು ಕರೆದ ಇವರಲ್ಲಿ ಅನೇಕರು ಪರವಾನಗಿಯ ಆಳ್ವಿಕೆಯಿಂದ ಹಳೆಯ ವ್ಯಾಪಾರವನ್ನು ಕಳೆದುಕೊಂಡವರು. ದಿಗ್ಬಂಧನವೇ ಹುಟ್ಟಿಸಿದ ಅಪಾಯದಿಂದ ಕಾಪಾಡುತ್ತೇವೆಂದು ದಿಗ್ಬಂಧಿಸಿದವರೇ ಕಾವಲು ಕೊಟ್ಟರು. ಕಾವಲಿನೊಳಗಿದ್ದ ಹಡಗಿಗೆ ಸುರಕ್ಷತೆಯೂ ನಿಜ, ಅದು ಬೇರೆ ಬಂದರಿಗೆ ತಿರುಗಲಾರದೆಂಬುದೂ ನಿಜ.

ಇದನ್ನು ಮುರಿಯುವ ದೊಡ್ಡ ಪ್ರಯತ್ನ ನಡೆದುದು 1570–71ರಲ್ಲಿ. ಬಿಜಾಪುರದ ಅಲಿ ಆದಿಲಶಾಹನು ಗೋವೆಯನ್ನೂ ಅಹಮದನಗರದ ನಿಜಾಮಶಾಹನು ಚೌಲನ್ನೂ ಮುತ್ತಿದರು. ಸಾಮೂದಿರಿಯು ಚಾಲಿಯಂ ಕೋಟೆಯನ್ನು ಗೆದ್ದುಕೊಂಡನು. ಗೇರುಸೊಪ್ಪೆಯ ರಾಣಿಯು ಆದಿಲಶಾಹನ ಬೆಂಬಲದೊಡನೆ ಹೊನ್ನಾವರದ ಕೋಟೆಯ ಮೇಲೆ ಪಡೆ ಕಳುಹಿಸಿದಳು. ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರೆಂದು ಪ್ರಸಿದ್ಧಳಾದ ಚೆನ್ನಭೈರಾದೇವಿಯ ಕಾಲವದು. ಆದರೆ ಗೋವೆ, ಚೌಲ, ಹೊನ್ನಾವರಗಳ ಮುತ್ತಿಗೆಗಳು ಫಲಿಸಲಿಲ್ಲ. ಕಡಲಿನ ಬಾಗಿಲು ತೆರೆದಿರುವ ಕೋಟೆಯನ್ನು ನೆಲದ ಬಾಗಿಲಿಂದ ಮಾತ್ರ ಮುತ್ತಿದರೆ ಅದು ಹಸಿಯುವುದಿಲ್ಲ. ಒಳಗಿನವರಿಗೆ ನೆರವು ಹಡಗಿನಲ್ಲಿ ಬರುತ್ತಲೇ ಇರುತ್ತದೆ. ನಮ್ಮ ಅರಸುಮನೆತನಗಳ ಶೌರ್ಯವನ್ನು ಕೊಂಡಾಡುವಾಗ ನಾವು ಮರೆಯುವ ಮಾತಿದು. ಅವರಿಗೆ ಕೊರತೆಯಾದದ್ದು ಧೈರ್ಯವಲ್ಲ, ನೌಕಾಬಲ.

ಇದೇ ಪಾಠವನ್ನು ಗೋವೆಯೂ ಕಲಿಯಬೇಕಾಯಿತು. 1636ರಿಂದ ಡಚ್ಚರು ವರ್ಷವರ್ಷವೂ ಮಳೆಗಾಲ ಮುಗಿಯುತ್ತಲೇ ಮಾಂಡೋವಿಯ ಅಳಿವೆಯೆದುರು ನೌಕಾಪಡೆಯನ್ನು ನಿಲ್ಲಿಸತೊಡಗಿದರು. 1644ರವರೆಗೆ ಇದು ನಡೆಯಿತು. ಗೋವೆಯಿಂದ ನೆರವು ಹೊರಡುವುದು ದುಸ್ತರವಾಗಿದ್ದ ಆ ವರ್ಷಗಳಲ್ಲೇ, 1641ರಲ್ಲಿ, ಮಲಾಕ್ಕಾ ಡಚ್ಚರ ಕೈಸೇರಿತು. ಇದಕ್ಕೆ ಮುನ್ನವೇ 1635ರಲ್ಲಿ ಪೋರ್ಚುಗೀಸರು ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡು, ಡಚ್ಚರ ಕಣ್ಣು ತಪ್ಪಿಸಲು ‘ಲಂಡನ್’ ಎಂಬ ಇಂಗ್ಲಿಷ್ ಹಡಗಿನಲ್ಲಿ ತಮ್ಮ ಮಾಲನ್ನು ಮಕಾವಿನಿಂದ ತರಿಸಿಕೊಳ್ಳುವ ಏರ್ಪಾಡು ಮಾಡಿದ್ದರು. ಇತರರಿಗೆ ಪರವಾನಗಿ ಬರೆದುಕೊಡುತ್ತಿದ್ದವರು ಇತರರ ಬಾವುಟದ ನೆರಳಿನಲ್ಲಿ ಸಾಗಬೇಕಾಯಿತು. ಕೆಳದಿಯ ಶಿವಪ್ಪನಾಯಕನು 1652ರಿಂದ 1654ರೊಳಗೆ ಬಸರೂರು, ಹೊನ್ನಾವರ ಮೊದಲಾದ ಕೋಟೆಗಳನ್ನು ಗೆದ್ದುದಕ್ಕೆ ಅವನ ಪರಾಕ್ರಮದೊಡನೆ, ಡಚ್ಚರಿಂದ ಸೊರಗಿದ ಗೋವೆಯ ದೌರ್ಬಲ್ಯವೂ ಕಾರಣ. ಆದರೆ ಆ ಹೊತ್ತಿಗೆ ಗೇರುಸೊಪ್ಪೆಯ ರಾಜ್ಯವೇ ಉಳಿದಿರಲಿಲ್ಲ. ಅದನ್ನು ಅಳಿಸಿದವರು ಪೋರ್ಚುಗೀಸರಲ್ಲ, ಕೆಳದಿಯ ವೆಂಕಟಪ್ಪನಾಯಕನು.

ಡಚ್ಚರ ವಕೀಲ ಗ್ರೋಷಿಯಸನು 1609ರಲ್ಲಿ ಕಡಲು ಯಾರ ಸ್ವತ್ತೂ ಅಲ್ಲವೆಂದು ಗ್ರಂಥವನ್ನೇ ಪ್ರಕಟಿಸಿದ್ದನು. ಆದರೂ ಮಲಬಾರಿನಲ್ಲಿ ನೆಲೆಯೂರಿದ ಮೇಲೆ ಡಚ್ಚರೂ ಪರವಾನಗಿಗಳನ್ನು ಕೊಡತೊಡಗಿದರು. ಮುಂದೆ ಕಾನ್ಹೋಜಿ ಆಂಗ್ರೆಯು ದಸ್ತಕಗಳನ್ನು ಬರೆದುಕೊಟ್ಟು, ಅವಿಲ್ಲದ ಯುರೋಪಿಯನ್ ಹಡಗುಗಳನ್ನು ಹಿಡಿದಾಗ ಅವರು ಅವನನ್ನು ಕಡಲುಗಳ್ಳನೆಂದರು. ಕಾಗದ ಅದೇ, ರುಜು ಬದಲಾಗಿತ್ತು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲೊಂದು ವೈದೃಶ್ಯವನ್ನು ಗಮನಿಸಬೇಕು. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವೂ ಒಂದು. ಭರತಚಕ್ರಿಯು ಕಡಲಿನತ್ತ ಬಾಣ ಬಿಡುತ್ತಾನೆ, ಮಾಗಧಾಮರನು ಕಾಣಿಕೆಯಿತ್ತು ಶರಣಾಗುತ್ತಾನೆ. ಅಲ್ಲಿಗೆ ಸಮುದ್ರದ ಮೇಲಿನ ಪ್ರಭುತ್ವ ಸಿದ್ಧಿಸುತ್ತದೆ. ಮೂಡಬಿದಿರೆಯ ರತ್ನಾಕರವರ್ಣಿಯು ಭರತೇಶವೈಭವವನ್ನು ರಚಿಸಿದ 1557ರ ವೇಳೆಗೆ, ಅಲ್ಲಿಗೆ ಅನತಿದೂರದ ಉಳ್ಳಾಲದ ಚೌಟರಾಣಿಯ ಮೇಲೆ ಪೋರ್ಚುಗೀಸ್ ನೌಕಾಪಡೆ ಆಗಲೇ ಬಂದುಹೋಗಿತ್ತು. ಕಾವ್ಯದ ಕಡಲು ಕಾಣಿಕೆ ಕೊಡುತ್ತದೆ. ಆ ದಿನಗಳ ನಿಜವಾದ ಕಡಲು ಕಾಗದ ಕೇಳುತ್ತಿತ್ತು.

ಹಾಗಾದರೆ ಕರ್ತಾಜ್ ಇಲ್ಲದೆ ಅಕ್ಕಿಮುಡಿ ಹೇರಿಕೊಂಡು ಇರುಳಿನಲ್ಲಿ ಅಳಿವೆ ದಾಟಿದ ವರ್ತಕನು ಅಚೌರ್ಯವ್ರತಕ್ಕೆ ತಪ್ಪಿದವನೆ? ನನ್ನ ತಿಳಿವಳಿಕೆಯಲ್ಲಿ ಅಲ್ಲ. ಪೂಜ್ಯಪಾದರ ವಿವರಣೆಯು ಅಪ್ಪಣೆಯ ಉಲ್ಲಂಘನೆಗಿಂತ ಹೆಚ್ಚಾಗಿ, ಕದಡಿದ ಕಾಲವನ್ನು ಬಳಸಿಕೊಂಡು ಅನ್ಯಾಯದ ಲಾಭ ಪಡೆಯುವ ಆಸೆಯನ್ನು ದೋಷವೆನ್ನುತ್ತದೆ. ಆ ಅಳತೆಗೋಲನ್ನು ಹಿಡಿದು ನೋಡಿದರೆ, ಅಪಾಯವನ್ನೂ ಅದರ ಪರಿಹಾರವನ್ನೂ ಒಂದೇ ಅಂಗಡಿಯಲ್ಲಿ ಮಾರಿದವರಿಗೇ ಅತಿಚಾರವು ಹೆಚ್ಚು ಸಲ್ಲುತ್ತದೆ. ಅದೇ ಅಳತೆಗೋಲು ಕೊರತೆಯ ಊರಿಗೆ ಅಕ್ಕಿಯೊಯ್ದು ಮೂರ್ಮಡಿ ಬೆಲೆ ಕೇಳುವ ನಮ್ಮ ವರ್ತಕನನ್ನೂ ಬಿಡುವುದಿಲ್ಲ.