ಕೆರೆಗಳಲ್ಲಿ ಮೀನು ಕೃಷಿ: ಬಿತ್ತನೆಗೆ ಮುನ್ನ ಗಮನಿಸಬೇಕಾದ ಅಂಶಗಳು

ಕರ್ನಾಟಕದ ಬಯಲುಸೀಮೆಯ ಬಹುತೇಕ ಕೆರೆಗಳು ಮಳೆಯನ್ನೇ ಅವಲಂಬಿಸಿವೆ. ಇವುಗಳಲ್ಲಿ ಮೀನು ಕೃಷಿ ಕೈಗೊಳ್ಳಲು ಇಚ್ಛಿಸುವವರು ಹಣ ತೊಡಗಿಸುವ ಮುನ್ನ ಈ ಕೆಳಕಂಡ ಮಾಹಿತಿಯನ್ನು ಓದಿಕೊಳ್ಳತಕ್ಕದ್ದು.

ಬಿತ್ತನೆ ಏಕೆ ಅವಶ್ಯಕ?

ಕಾಟ್ಲಾ, ರೋಹು ಮತ್ತು ಮೃಗಾಲ್ ಮೀನುಗಳು ಹರಿಯುವ ನದಿ ನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಇವು ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಆದುದರಿಂದ ಕೆರೆಗೆ ಪ್ರತಿ ವರ್ಷವೂ ಮರಿ ಬಿತ್ತಬೇಕಾಗುತ್ತದೆ. 1957ರಲ್ಲಿ ಡಾ. ಹೀರಾಲಾಲ್ ಚೌಧುರಿ ಅವರು ಚುಚ್ಚುಮದ್ದಿನ ಮೂಲಕ ಈ ಜಾತಿಯ ಮೀನುಗಳಿಂದ ಮೊಟ್ಟೆ ಪಡೆಯುವಲ್ಲಿ ಯಶಸ್ವಿಯಾದ ನಂತರ ಮರಿ ಉತ್ಪಾದನಾ ಕೇಂದ್ರಗಳು ಸಾಧ್ಯವಾದವು.

ಗಮನಿಸಬೇಕಾದ ಅಂಶಗಳು

1. ಹಕ್ಕು: ಕೆರೆಯ ಮೀನು ಪಾಶುವಾರು ಹಕ್ಕು ಇಲಾಖೆಗೆ ಸೇರಿದೆಯೇ ಅಥವಾ ಗ್ರಾಮ ಪಂಚಾಯಿತಿಗೆ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು.

2. ನೀರು: ಬೇಸಿಗೆಯಲ್ಲಿ ಎಷ್ಟು ತಿಂಗಳು ನೀರು ನಿಲ್ಲುವುದೆಂದು ಗ್ರಾಮಸ್ಥರಿಂದ ವಿಚಾರಿಸುವುದು. ಮೀನು ಬೆಳೆಯುವ ಮೊದಲೇ ಕೆರೆ ಬತ್ತಿದಲ್ಲಿ ಹೂಡಿದ ಹಣ ನಷ್ಟವಾಗುತ್ತದೆ.

3. ತಳಿ: ಕಾಟ್ಲಾ ಮೇಲ್ಪದರದಲ್ಲಿ, ರೋಹು ಮಧ್ಯದಲ್ಲಿ, ಮೃಗಾಲ್ ತಳದಲ್ಲಿ ಆಹಾರ ಹುಡುಕುವುದರಿಂದ ಮೂರನ್ನೂ ಒಟ್ಟಿಗೆ ಬಿತ್ತುವುದು ಲಾಭದಾಯಕ.

4. ಮರಿಯ ಗಾತ್ರ: ಕೊರವ ಮೊದಲಾದ ಪರಭಕ್ಷಕ ಮೀನುಗಳು ಸಣ್ಣ ಮರಿಗಳನ್ನು ತಿನ್ನುತ್ತವೆ. ಬೆರಳುದ್ದದ ಮರಿಗಳನ್ನೇ ಬಿತ್ತುವುದು.

ಎಚ್ಚರಿಕೆ

ವಿಷ ಅಥವಾ ಸಿಡಿಮದ್ದು ಬಳಸಿ ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧ. ಇದರಿಂದ ಎಳೆಯ ಮರಿಗಳೂ ಸತ್ತು ಇಡೀ ವರ್ಷದ ಬೆಳೆ ಹಾಳಾಗುತ್ತದೆ. ಅದೇ ನೀರನ್ನು ಕುಡಿಯುವ ಜಾನುವಾರುಗಳಿಗೂ ವಿಷದಿಂದ ಅಪಾಯವಿದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಾಣಿಕೆಯನ್ನು ನಿಷೇಧಿಸಲಾಗಿದೆ.

ಹೆಚ್ಚಿನ ವಿವರಗಳಿಗಾಗಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು.