ಈರುಳ್ಳಿಯೊಳಗಿನ ಹುಳ

ಸನ್ಯಾಸಿಯ ವೇಷದಲ್ಲಿ ತಿರುಗುವ ಗೂಢಚಾರರ ಬಗ್ಗೆ ಕೌಟಿಲ್ಯನ ಅರ್ಥಶಾಸ್ತ್ರ ವಿವರವಾಗಿ ಹೇಳುತ್ತದೆ. ಜನ ನಂಬಿ ಮನಸ್ಸು ಬಿಚ್ಚುವ ಕಡೆಯೇ ಬೇಹುಗಾರನಿಗೆ ಅನುಕೂಲ. ಈ ಹಳೆಯ ಉಪಾಯ ನಮ್ಮ ಕಾಲದಲ್ಲಿ ಬ್ರೌಸರ್‌ನ ರೂಪ ತಾಳಿದೆ.

1990ರ ದಶಕದ ನಡುವೆ ಅಮೆರಿಕದ ನೌಕಾಪಡೆಯ ಸಂಶೋಧನಾ ಪ್ರಯೋಗಾಲಯದಲ್ಲಿ 'ಈರುಳ್ಳಿ ಮಾರ್ಗ' ಎಂಬ ತಂತ್ರ ರೂಪುಗೊಂಡಿತು. ಸಂದೇಶವನ್ನು ಪದರ ಪದರವಾಗಿ ಗೂಢಲಿಪಿಯಲ್ಲಿ ಸುತ್ತಿ ಹಲವು ಕಂಪ್ಯೂಟರುಗಳ ಮೂಲಕ ದಾಟಿಸಲಾಗುತ್ತದೆ. ಪ್ರತಿಯೊಂದೂ ತನ್ನ ಪಾಲಿನ ಪದರವನ್ನಷ್ಟೇ ಸುಲಿಯುತ್ತದೆ. ಹೀಗಾಗಿ ಕಳಿಸಿದವರು ಯಾರು, ತಲುಪುವುದೆಲ್ಲಿಗೆ ಎಂಬೆರಡೂ ಯಾವೊಂದು ಕಂಪ್ಯೂಟರಿಗೂ ತಿಳಿಯದು. ಇದೇ ತತ್ತ್ವದ ಟಾರ್ ಜಾಲ 2002ರಲ್ಲಿ ಆರಂಭವಾಯಿತು. ಪತ್ರಕರ್ತರು, ಹೋರಾಟಗಾರರು ಅದನ್ನು ನೆಚ್ಚಿದರು. ಕಳ್ಳ ವ್ಯಾಪಾರಿಗಳೂ ನೆಚ್ಚಿದರು.

ನೆಚ್ಚಿದವರು ಹೆಚ್ಚಿದಂತೆ ನಕಲೂ ಹುಟ್ಟಿತು. ರಷ್ಯನ್ ಭಾಷಿಕರಿಗಾಗಿ ಹರಿಬಿಟ್ಟಿದ್ದ ನಕಲಿ ಟಾರ್ ಬ್ರೌಸರ್ ಒಂದನ್ನು ಸ್ಲೊವಾಕಿಯಾದ ಈಸೆಟ್ ಸಂಸ್ಥೆ 2019ರಲ್ಲಿ ಬಯಲಿಗೆಳೆಯಿತು. 'ನಿಮ್ಮ ಬ್ರೌಸರ್ ಹಳತಾಗಿದೆ' ಎಂಬ ಎಚ್ಚರಿಕೆಯೇ ಅದರ ಗಾಳ. ಅಸಲಿಯಂತೆಯೇ ಕೆಲಸ ಮಾಡುತ್ತಿದ್ದ ಅದು, ಹಣ ಪಾವತಿಯ ಹೊತ್ತಿಗೆ ಬಿಟ್‌ಕಾಯಿನ್ ವಿಳಾಸವನ್ನು ಸದ್ದಿಲ್ಲದೆ ಬದಲಿಸುತ್ತಿತ್ತು. ವಂಚಕರ ಮೂರು ಖಾತೆಗಳಿಗೆ ಸೇರಿದ್ದು 4.8 ಬಿಟ್‌ಕಾಯಿನ್, ಅಂದಿನ ಬೆಲೆಯಲ್ಲಿ ಸುಮಾರು 40 ಸಾವಿರ ಡಾಲರ್.

2022ರಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಪತ್ತೆ ಹಚ್ಚಿದ ಪ್ರಸಂಗ ಇನ್ನೂ ಗಂಭೀರವಾದುದು. ಚೀನೀ ಭಾಷೆಯ ಯೂಟ್ಯೂಬ್ ವಿಡಿಯೊ ಒಂದರ ಕೆಳಗೆ ಎರಡು ಕೊಂಡಿಗಳಿದ್ದವು. ಮೊದಲನೆಯದು ಟಾರ್‌ನ ಅಧಿಕೃತ ತಾಣದ್ದು. ಅದು ಚೀನಾದಲ್ಲಿ ನಿರ್ಬಂಧಿತ. ಎರಡನೆಯದು ನಕಲಿಯದು. ಅದು ಪಾಸ್‌ವರ್ಡ್ ಕದಿಯಲಿಲ್ಲ. ನೋಡಿದ ಪುಟಗಳ ಪಟ್ಟಿ, ವೀಚಾಟ್ ಖಾತೆಯ ಗುರುತು, ವೈಫೈ ಜಾಲದ ವಿವರಗಳನ್ನು ಕಲೆಹಾಕುತ್ತಿತ್ತು. ಅದಕ್ಕೆ ಬೇಕಿದ್ದುದು ಬಳಕೆದಾರನ ಹಣವಲ್ಲ, ಆತ ಯಾರೆಂಬುದು. ಮರೆಯಾಗಬಯಸಿದವನಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೊಂದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಎರಡೂ ಕಡೆ ಟಾರ್‌ನ ಗೂಢಲಿಪಿಯನ್ನು ಯಾರೂ ಮುರಿಯಲಿಲ್ಲ. ಲಕೋಟೆಗೆ ಅಂಟು ಹಚ್ಚುವ ಮೊದಲೇ ಕಾಗದ ಓದಿದಂತೆ, ಸಂದೇಶ ಪದರದೊಳಗೆ ಸೇರುವ ಮುನ್ನವೇ ಕಳವು ನಡೆದಿತ್ತು. ಅಸಲಿ ಪ್ರತಿಗೆ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ಅದನ್ನು ಪರೀಕ್ಷಿಸಿದರೆ ನಕಲು ಸಿಕ್ಕಿಬೀಳುತ್ತದೆ. ಆದರೆ ಅಧಿಕೃತ ಬಾಗಿಲು ಮುಚ್ಚಿರುವ ನಾಡಿನಲ್ಲಿ ಜನ ಅಪರಿಚಿತನ ಕೈಯಿಂದಲೇ ಬೀಗ ಕೊಳ್ಳಬೇಕಾಗುತ್ತದೆ. ಅದರ ಇನ್ನೊಂದು ಕೀಲಿ ಯಾರ ಬಳಿ ಇದೆ ಎಂದು ಕೇಳುವ ಅವಕಾಶವೂ ಅವರಿಗಿರುವುದಿಲ್ಲ.